ಕಲಬುರಗಿ ನಗರಚರಿತ್ರೆಯ ವರ್ಷಚಕ್ರ: ತಿಥಿ, ತಾರೀಖು, ಫಸಲಿ ಮತ್ತು ದಿನಾಂಕ

ಸ್ಥಳೀಯ ಚರಿತ್ರೆಯನ್ನು ಜನವರಿಯಿಂದ ಡಿಸೆಂಬರ್‌ವರೆಗೆ ದಿನಾನುಕ್ರಮದಲ್ಲಿ ಜೋಡಿಸಿ ಹೇಳುವ ಪದ್ಧತಿ ಇಂದು ಸಾಮಾನ್ಯವಾಗಿದೆ. ದಿನಪತ್ರಿಕೆಗಳ ದಿನವಿಶೇಷ ಅಂಕಣ, ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆ, ಜಿಲ್ಲಾ ದರ್ಶನದ ಕೈಪಿಡಿ, ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿ ಮೊದಲಾದವುಗಳಲ್ಲೆಲ್ಲ ಈ ಕ್ರಮವನ್ನು ಕಾಣಬಹುದು. ಓದುಗನಿಗೆ ಸುಲಭವಾದ ಈ ಜೋಡಣೆಯ ಹಿಂದೆ ಒಂದು ಗ್ರಹಿಕೆಯಿದೆ. ನಗರವೊಂದರಲ್ಲಿ ನಡೆದ ಎಲ್ಲ ಘಟನೆಗಳಿಗೂ ಒಂದೇ ಬಗೆಯ ದಿನಾಂಕವಿದೆ, ಅವನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬಹುದು ಎಂಬುದೇ ಆ ಗ್ರಹಿಕೆ. ಕಲಬುರಗಿಯಂತಹ ನಗರದ ಮಟ್ಟಿಗೆ ಇದು ಎಷ್ಟು ಸರಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಗರದ ಚರಿತ್ರೆಯನ್ನು ಬೇರೆ ಬೇರೆ ಕಾಲದ ಜನ ಬೇರೆ ಬೇರೆ ಕಾಲಗಣನೆಗಳಲ್ಲಿ ದಾಖಲಿಸಿದ್ದಾರೆ. ಅವೆಲ್ಲವನ್ನೂ ಇಂಗ್ಲಿಷ್ ಕ್ಯಾಲೆಂಡರಿನ ಒಂದೇ ಪಟ್ಟಿಗೆ ಇಳಿಸಿದಾಗ ಆಡಳಿತ ಸೃಷ್ಟಿಸಿದ ದಿನಗಳು ಸ್ಪಷ್ಟವಾಗಿ ಉಳಿಯುತ್ತವೆ; ಜನಸಮುದಾಯಗಳು ನೂರಾರು ವರ್ಷಗಳಿಂದ ನೆನೆದುಕೊಂಡು ಬಂದ ದಿನಗಳು ಪಟ್ಟಿಯಿಂದ ಜಾರುತ್ತವೆ, ಇಲ್ಲವೆ ತಪ್ಪು ಸ್ಥಾನದಲ್ಲಿ ಬಂದು ಕೂರುತ್ತವೆ. ಹೀಗಾಗಿ ಕಾಲಗಣನೆಯ ಆಯ್ಕೆಯೇ ಚರಿತ್ರೆಯ ಆಯ್ಕೆಯೂ ಆಗುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

1. ನಾಲ್ಕು ಕಾಲಗಣನೆಗಳು

ಕಲಬುರಗಿ ಪರಿಸರದ ಅತ್ಯಂತ ಹಳೆಯ ಕನ್ನಡ ದಾಖಲೆಗಳಾದ ಶಾಸನಗಳು ಶಕವರ್ಷವನ್ನು ಬಳಸುತ್ತವೆ. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದ ಮೇಲೆ ಚಾಳುಕ್ಯವಿಕ್ರಮವರ್ಷವೂ ಬಳಕೆಗೆ ಬಂದಿತು. ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರಗಳ ಜೊತೆಗೆ ಸಂಕ್ರಮಣವನ್ನೋ ಗ್ರಹಣವನ್ನೋ ಹೇಳುವುದು ಶಾಸನಗಳ ಕ್ರಮ. ಚಿತ್ತಾಪುರದ ಸಮೀಪದ ನಾಗಾವಿಯ ಘಟಿಕಾಸ್ಥಾನವನ್ನು ವಿವರಿಸುವ 1058ರ ಶಾಸನ ಈ ಪರಂಪರೆಗೆ ಸೇರಿದುದು. ಅಲ್ಲಿನ ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದ ಆರು ಜನ ಸರಸ್ವತೀ ಭಂಡಾರಿಗರ ಉಲ್ಲೇಖದಿಂದಾಗಿ ಅದು ಕನ್ನಡ ನಾಡಿನ ಶಿಕ್ಷಣ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಇಂತಹ ಶಾಸನದ ತಿಥಿಯನ್ನು ಇಸವಿಗೆ ಪರಿವರ್ತಿಸಲು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ.

ಎರಡನೆಯದು ಹಿಜರಿ ಶಕೆ. ಬಹಮನಿ ರಾಜ್ಯದ ಸ್ಥಾಪನೆಯಿಂದ ಮುಂದಿನ ಪಾರಸಿ, ಅರಬ್ಬಿ ಶಾಸನಗಳು, ನಾಣ್ಯಗಳು ಹಾಗೂ ಚರಿತ್ರೆಗಳು ಈ ಗಣನೆಯಲ್ಲಿವೆ. ಇದು ಶುದ್ಧ ಚಾಂದ್ರಮಾನ. ವರ್ಷಕ್ಕೆ ಸುಮಾರು 354 ದಿನಗಳಿರುವುದರಿಂದ ಸೌರವರ್ಷಕ್ಕಿಂತ ಪ್ರತಿ ಸಲ ಸುಮಾರು 11 ದಿನ ಹಿಂದೆ ಸರಿಯುತ್ತ, 33 ವರ್ಷಗಳಿಗೊಮ್ಮೆ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ.

ಮೂರನೆಯದು ಫಸಲಿ. ‘ಫಸಲು’ ಎಂಬ ಪದವೇ ಸೂಚಿಸುವಂತೆ ಇದು ಬೆಳೆ ಮತ್ತು ಕಂದಾಯದ ಗಣನೆ. ಅಕ್ಬರನ ಕಾಲದಲ್ಲಿ ಹುಟ್ಟಿದ ಈ ವ್ಯವಸ್ಥೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಅಧಿಕೃತ ವರ್ಷವಾಗಿತ್ತು. ಆಜುರ್, ದೈ, ಬಹಮನ್ ಮೊದಲಾದ ಪಾರಸಿ ಮಾಸನಾಮಗಳುಳ್ಳ ಅಲ್ಲಿಯ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಪ್ರಾರಂಭವಾಗುತ್ತಿತ್ತು. ನಾಲ್ಕನೆಯದು ಇಂದು ಸಾರ್ವತ್ರಿಕವಾಗಿರುವ ಗ್ರೆಗೋರಿಯನ್ ಇಸವಿ. ರೈಲುಮಾರ್ಗ ಮುಂಬಯಿಯಿಂದ ಕಲಬುರಗಿ, ಶಹಾಬಾದ, ವಾಡಿಗಳ ಮೂಲಕ ರಾಯಚೂರಿಗೆ ಸಾಗಿ, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಕವಲೊಡೆಯಿತು. ಆಗ ರೈಲಿನ ವೇಳಾಪಟ್ಟಿಯ ಕಾಲ ಒಂದಾಗಿಯೂ ಕಚೇರಿಯ ಕಾಲ ಇನ್ನೊಂದಾಗಿಯೂ ಈ ಭಾಗದಲ್ಲಿ ಒಟ್ಟಿಗೆ ನಡೆಯತೊಡಗಿದವು.

ನಾವು ದಿನಬಳಕೆಯಲ್ಲಿ ಪರ್ಯಾಯ ಪದಗಳಂತೆ ಆಡುವ ತಿಥಿ, ತಾರೀಖು, ದಿನಾಂಕ ಎಂಬ ಮಾತುಗಳಲ್ಲಿಯೂ ಈ ಪದರಗಳಿವೆ. ತಿಥಿ ಪಂಚಾಂಗದ್ದು, ತಾರೀಖು ಅರಬ್ಬಿ ಮೂಲದ್ದು, ಅದಕ್ಕೆ ಚರಿತ್ರೆ ಎಂಬ ಅರ್ಥವೂ ಇದೆ, ದಿನಾಂಕ ಆಧುನಿಕ ಕಚೇರಿಯ ಕನ್ನಡದ್ದು.

2. ಎರಡು ಪುಣ್ಯಸ್ಮರಣೆಗಳು, ಎರಡು ಲೆಕ್ಕಗಳು

ಕಲಬುರಗಿಯ ಜನಜೀವನದಲ್ಲಿ ವರ್ಷವನ್ನು ಗುರುತಿಸುವ ಎರಡು ಮಹತ್ವದ ಸಂದರ್ಭಗಳೆಂದರೆ ಶರಣಬಸವೇಶ್ವರರ ಜಾತ್ರೆ ಮತ್ತು ಖ್ವಾಜಾ ಬಂದೇನವಾಜರ ಉರುಸು. ಎರಡೂ ಮಹಾತ್ಮರ ನಿಧನದ ಸ್ಮರಣೆಗೆ ಸಂಬಂಧಿಸಿದವು. ಎರಡಕ್ಕೂ ಜಾತಿಮತದ ಗಡಿ ಮೀರಿ ಜನ ಸೇರುತ್ತಾರೆ. ಆದರೆ ಎರಡೂ ಬೇರೆ ಬೇರೆ ಕಾಲಗಣನೆಗಳಲ್ಲಿ ಚಲಿಸುತ್ತವೆ.

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿ ಕಲಬುರಗಿಯನ್ನು ದಾಸೋಹದ ಕ್ಷೇತ್ರವನ್ನಾಗಿ ಮಾಡಿದ ಶರಣಬಸವೇಶ್ವರರು ಲಿಂಗೈಕ್ಯರಾದದ್ದು 1822ರಲ್ಲಿ. ಹೋಳಿ ಹುಣ್ಣಿಮೆಯ ಅನಂತರದ ಐದನೆಯ ದಿನ ಅವರ ರಥೋತ್ಸವ ಜರುಗುತ್ತದೆ; ಹಿಂದಿನ ದಿನ ಉಚ್ಚಾಯಿ ಎಳೆಯಲಾಗುತ್ತದೆ. ಪಂಚಾಂಗದ ತಿಥಿಗೆ ಕಟ್ಟುಬಿದ್ದ ಈ ದಿನ 2023ರಲ್ಲಿ ಮಾರ್ಚ್ ಎರಡನೆಯ ವಾರದಲ್ಲಿ ಬಂದರೆ 2024ರಲ್ಲಿ ಮಾರ್ಚ್ ಕೊನೆಯಲ್ಲಿ ಬಂದಿತು. ಅಧಿಕ ಮಾಸದ ವ್ಯವಸ್ಥೆಯಿಂದಾಗಿ ಅದು ಋತುವನ್ನು ಬಿಟ್ಟು ಹೋಗುವುದಿಲ್ಲ. ತೊಗರಿ, ಜೋಳದ ರಾಶಿ ಮುಗಿದು ರೈತನ ಕೈ ಬಿಡುವಾಗುವ ಕಾಲಕ್ಕೇ ಜಾತ್ರೆ ಬರುತ್ತದೆ. 1822ರಿಂದ 2022ಕ್ಕೆ ಇಸವಿಯಲ್ಲಿಯೂ ಇನ್ನೂರು ವರ್ಷ, ಸಂವತ್ಸರಗಳ ಲೆಕ್ಕದಲ್ಲಿಯೂ ಇನ್ನೂರು ವರ್ಷ.

ಖ್ವಾಜಾ ಬಂದೇನವಾಜ್ ಗೇಸೂದರಾಜರ ಸಂಗತಿ ಬೇರೆ. ದಿಲ್ಲಿಯಲ್ಲಿ 1321ರಲ್ಲಿ ಜನಿಸಿದ ಅವರು ತೈಮೂರನ ದಾಳಿಯ ಹೊತ್ತಿಗೆ ಆ ನಗರವನ್ನು ತೊರೆದು, ಫಿರೋಜ್ ಷಾ ಬಹಮನಿಯ ಆಳ್ವಿಕೆಯಲ್ಲಿ, 1400ರ ಸುಮಾರಿಗೆ ಕಲಬುರಗಿಗೆ ಬಂದು ನೆಲಸಿದರು. ಅವರ ನಿಧನ ಹಿಜರಿ 825ರ ಜಿಲ್ಕಾದ ಮಾಸದ 16ರಂದು. ಉರುಸು ಪ್ರತಿವರ್ಷ ಜಿಲ್ಕಾದ 15, 16, 17ರಂದು ಗಂಧದ ಮೆರವಣಿಗೆಯೊಂದಿಗೆ ಆರಂಭವಾಗಿ ನಡೆಯುತ್ತದೆ. ಹಿಜರಿ 1445ರಲ್ಲಿ, ಅಂದರೆ 2024ರ ಮೇ ಕೊನೆಯಲ್ಲಿ, ನಡೆದುದು 620ನೆಯ ಉರುಸು. ಆದರೆ ನಿಧನದ ವರ್ಷವಾದ 1422ರಿಂದ ಇಸವಿಯಲ್ಲಿ ಎಣಿಸಿದರೆ ಆ ಹೊತ್ತಿಗೆ 602 ವರ್ಷಗಳೂ ತುಂಬಿರಲಿಲ್ಲ. ಈ 18 ವರ್ಷಗಳ ಅಂತರ ಯಾರ ತಪ್ಪೂ ಅಲ್ಲ. ಎರಡು ಗಣನೆಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿವೆ. ಪತ್ರಿಕೆಯಲ್ಲಿ ‘620ನೆಯ ಉರುಸು’ ಎಂದು ಓದಿ, 2024ರಲ್ಲಿ 620 ಕಳೆದು ನಿಧನದ ವರ್ಷವನ್ನು 1404 ಎಂದು ಬರೆಯುವವನು ಮಾತ್ರ ತಪ್ಪುತ್ತಾನೆ.

ಜಿಲ್ಕಾದ 16, ಹಿಜರಿ 825 ಎಂಬುದನ್ನು ಕೋಷ್ಟಕದಿಂದ ಪರಿವರ್ತಿಸಿದಾಗ 1422ರ ನವೆಂಬರ್ 1 ಬರುತ್ತದೆ. ಕನ್ನಡ ರಾಜ್ಯೋತ್ಸವದ ದಿನವೂ ಅದೇ ಆದುದರಿಂದ ದಿನವಿಶೇಷದ ಪಟ್ಟಿ ಸಿದ್ಧಪಡಿಸುವವರಿಗೆ ಇದು ಆಕರ್ಷಕವಾದ ಯೋಗಾಯೋಗವಾಗಿ ಕಾಣುವುದು ಸಹಜ. ಆದರೆ 1582ಕ್ಕೆ ಹಿಂದಿನ ದಿನಾಂಕಗಳನ್ನು ರೂಢಿಯಂತೆ ಜೂಲಿಯನ್ ಕ್ಯಾಲೆಂಡರಿನಲ್ಲಿ ಕೊಡಲಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ಅದಕ್ಕೂ ಗ್ರೆಗೋರಿಯನ್ ಗಣನೆಗೂ ಒಂಬತ್ತು ದಿನಗಳ ವ್ಯತ್ಯಾಸವಿತ್ತು. ನಾವು ಇಂದು ರಾಜ್ಯೋತ್ಸವವನ್ನು ಆಚರಿಸುವ ಕ್ಯಾಲೆಂಡರಿನ ಪ್ರಕಾರ ಅದು 1422ರ ನವೆಂಬರ್ 10. ಚಂದ್ರದರ್ಶನವನ್ನು ಅವಲಂಬಿಸಿದ, ಸೂರ್ಯಾಸ್ತದಿಂದ ದಿನವನ್ನು ಎಣಿಸುವ ಹಿಜರಿ ಪದ್ಧತಿಯಲ್ಲಿ ಒಂದು ದಿನದ ಏರುಪೇರಿಗೂ ಅವಕಾಶವಿದೆ. ಹೀಗೆ ಆ ಯೋಗಾಯೋಗ ಕೋಷ್ಟಕದ ಸೃಷ್ಟಿಯೇ ಹೊರತು ಚರಿತ್ರೆಯದಲ್ಲ.

ಬಹಮನಿ ರಾಜ್ಯದ ಸ್ಥಾಪನೆಯ ದಿನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಲಾವುದ್ದೀನ್ ಹಸನ್ ಬಹಮನ್ ಷಾ ಪಟ್ಟಕ್ಕೆ ಬಂದದ್ದು ಹಿಜರಿ 748ರ ರಬಿಉಸ್ಸಾನಿ 24ರಂದು, ಜೂಲಿಯನ್ ಗಣನೆಯ 1347ರ ಆಗಸ್ಟ್ 3. ಅದನ್ನು ಕಲಬುರಗಿಯ ದಿನವಿಶೇಷವಾಗಿ ಬರೆಯುವ ಮುನ್ನ ಪಟ್ಟಾಭಿಷೇಕ ನಡೆದದ್ದು ದೌಲತಾಬಾದಿನಲ್ಲಿ, ಕಲಬುರಗಿ ರಾಜಧಾನಿಯಾದದ್ದು ಅನಂತರ ಎಂಬುದನ್ನು ಗಮನಿಸಬೇಕು. ಕೋಟೆಯೊಳಗಿನ ಜಾಮಾ ಮಸೀದಿಯ ಶಾಸನದಲ್ಲಿರುವ ಹಿಜರಿ 769 ಎಂಬ ವರ್ಷವನ್ನು ಪಠ್ಯಪುಸ್ತಕಗಳು 1367 ಎಂದು ಕೊಡುತ್ತವೆ. ಆದರೆ ಆ ಹಿಜರಿ ವರ್ಷ 1367ರ ಆಗಸ್ಟ್‌ನಿಂದ 1368ರ ಆಗಸ್ಟ್‌ವರೆಗೆ ಹರಡಿದೆ. ತಿಂಗಳು ತಿಳಿಯದಿದ್ದಾಗ 1367-68 ಎಂದು ಬರೆಯುವುದೇ ಶಿಸ್ತು.

3. ಫಸಲಿ: ಮರೆಯಾದ ವರ್ಷ

ಮೇಲಿನ ಎರಡು ಗಣನೆಗಳು ಆಚರಣೆಯ ಮೂಲಕ ಜೀವಂತವಾಗಿವೆ. ಫಸಲಿಗೆ ಆ ಭಾಗ್ಯವಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಕಲಬುರಗಿಯನ್ನು ಕುರಿತು ಕೆಲಸ ಮಾಡುವ ಸಂಶೋಧಕನಿಗೆ ಅತ್ಯಂತ ಅಗತ್ಯವಾದುದು ಇದೇ. ಕಂದಾಯದ ಕಾಗದ, ಜಾಗೀರಿನ ಪತ್ರ, ಸಂಸ್ಥಾನದ ಆಡಳಿತ ವರದಿ, ಕಾಯಿದೆಗಳೆಲ್ಲವೂ ಫಸಲಿಯಲ್ಲಿವೆ. 1907-08ರ ಹೈದರಾಬಾದ್ ಭೂಕಂದಾಯ ಕಾಯಿದೆಯ ಹೆಸರಿನಲ್ಲಿರುವ ವರ್ಷ 1317 ಫಸಲಿ.

ಪರಿವರ್ತನೆಯಲ್ಲಿ ಎರಡು ಎಚ್ಚರಿಕೆಗಳು ಬೇಕು. ಫಸಲಿಗೆ 590 ಸೇರಿಸಿದರೆ ಇಸವಿ ಬರುತ್ತದೆ ಎಂಬುದು ಸಾಮಾನ್ಯ ಸೂತ್ರ. ಜನವರಿಯ ಅನಂತರದ ತಿಂಗಳುಗಳಿಗೆ 591 ಸೇರಿಸಬೇಕು. ಎರಡನೆಯದಾಗಿ, ಮದರಾಸು ಪ್ರಾಂತ್ಯದ ಫಸಲಿ ವರ್ಷ ಜುಲೈ 1ರಿಂದ ಆರಂಭವಾಗುತ್ತಿತ್ತು, ಹೈದರಾಬಾದಿನದು ಅಕ್ಟೋಬರಿನಿಂದ. ಬಳ್ಳಾರಿಯ ದಾಖಲೆಗೆ ಹೊಂದುವ ಸೂತ್ರವನ್ನು ಸೇಡಮಿನ ದಾಖಲೆಗೆ ಹಚ್ಚಿದರೆ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಘಟನೆಗಳು ಒಂದು ವರ್ಷ ಆಚೀಚೆಯಾಗುತ್ತವೆ. ಈ ಭಾಗದ ರಾಜಕೀಯ ಚರಿತ್ರೆಯ ನಿರ್ಣಾಯಕ ಘಟನೆಗಳು ನಡೆದದ್ದು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿಯೇ ಆದುದರಿಂದ ಇದು ಸಣ್ಣ ತಪ್ಪಾಗಿ ಉಳಿಯುವುದಿಲ್ಲ.

ಫಸಲಿಯ ಅಂತ್ಯವೂ ಒಂದು ಚಾರಿತ್ರಿಕ ಘಟನೆಯೇ. ಪೊಲೀಸ್ ಕಾರ್ಯಾಚರಣೆಯ ಅನಂತರ, ಮಿಲಿಟರಿ ಗವರ್ನರರ ಆಡಳಿತದಲ್ಲಿ, 1949ರಲ್ಲಿ ಹೊರಟ ಜಾಗೀರು ರದ್ದತಿ ಕಟ್ಟಳೆಯ ಹೆಸರಿನಲ್ಲಿ 1358 ಫಸಲಿ ಎಂದೇ ಇದೆ. ಮರುವರ್ಷದ ಗೇಣಿ ಮತ್ತು ಕೃಷಿಭೂಮಿ ಕಾಯಿದೆ 1950 ಎಂಬ ಇಸವಿಯಲ್ಲಿದೆ. ಪ್ರಭುತ್ವ ಬದಲಾದ ಒಂದು ವರ್ಷದವರೆಗೂ ಹಳೆಯ ಪ್ರಭುತ್ವದ ಕಾಲಗಣನೆ ಮುಂದುವರಿದು, ಸಂವಿಧಾನ ಜಾರಿಗೆ ಬರುವುದರೊಂದಿಗೆ ಕಾಯಿದೆಯ ಶೀರ್ಷಿಕೆಯಿಂದ ಮರೆಯಾದದ್ದನ್ನು ಈ ಎರಡು ಹೆಸರುಗಳೇ ಹೇಳುತ್ತವೆ.

ಕಾಗದದಲ್ಲಿ ಫಸಲಿ ಹೋದರೂ ಹೊಲದಲ್ಲಿ ಬೆಳೆಯ ವರ್ಷ ಉಳಿದಿದೆ. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಿಂದ ಮೊದಲ್ಗೊಂಡು ಸೇಡಮ್, ಚಿತ್ತಾಪುರದ ಗ್ರಾಮಗಳವರೆಗೆ ಎಳ್ಳ ಅಮಾವಾಸ್ಯೆಯಂದು ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬಿನ ಆ ಊಟಕ್ಕೆ ನಗರದಲ್ಲಿ ನೌಕರಿ ಮಾಡುವವರೂ ಊರಿಗೆ ಮರಳುತ್ತಾರೆ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಆ ದಿನ ಕಲಬುರಗಿಯ ಬೀದಿಗಳು ಬರಿದಾಗುವುದು ಸುತ್ತಣ ಗ್ರಾಮಗಳೊಂದಿಗೆ ನಗರ ಇಟ್ಟುಕೊಂಡಿರುವ ಸಂಬಂಧದ ಸಾಕ್ಷ್ಯ. ಆದರೆ ನಿಶ್ಚಿತ ‘ಘಟನೆ’ಯಿಲ್ಲದ ಈ ದಿನ ಯಾವ ನಗರಚರಿತ್ರೆಯ ಪಟ್ಟಿಯಲ್ಲೂ ಕಾಣುವುದಿಲ್ಲ.

4. ಸೆಪ್ಟೆಂಬರ್ 17: ಒಂದು ದಿನ, ಹಲವು ಹೆಸರು

ಆಧುನಿಕ ಕಾಲದ ದಿನಾಂಕಗಳಲ್ಲಿ ಪರಿವರ್ತನೆಯ ತೊಡಕಿಲ್ಲ. ಅಲ್ಲಿನ ತೊಡಕು ಹೆಸರಿನದು. 1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ಕಲಬುರಗಿ ನಿಜಾಮ್ ಮೀರ್ ಉಸ್ಮಾನ್ ಅಲಿಖಾನರ ಸಂಸ್ಥಾನದಲ್ಲಿಯೇ ಉಳಿಯಿತು. ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಭಾರತದೊಂದಿಗೆ ವಿಲೀನವನ್ನು ಒತ್ತಾಯಿಸಿ ಚಳವಳಿ ನಡೆಸಿತು. ರಜಾಕಾರರ ಹಿಂಸೆಯ ನಡುವೆ, ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡದಂತಹ ಘಟನೆಗಳು 1948ರಲ್ಲಿ ನಡೆದವು. ಅದೇ ವರ್ಷದ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನವಿರಾಮ ಘೋಷಿಸಿದರು. ಮರುದಿನ, 18ರಂದು, ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಅವರು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಮುಂದೆ ಶರಣಾದರು. ಆಡಳಿತದ ಅಂದಿನ ಗಣನೆಯಲ್ಲಿ ಅದು 1357 ಫಸಲಿಯ ಕೊನೆಯ ಮಾಸವಾದ ಆಬಾನ್.

ಈ ಒಂದೇ ದಿನಕ್ಕೆ ಹಿಂದಿನ ಸಂಸ್ಥಾನದ ಮೂರು ಭಾಷಾ ಪ್ರದೇಶಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ಮಹಾರಾಷ್ಟ್ರದಲ್ಲಿ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ತೆಲಂಗಾಣ ಸರ್ಕಾರ 2022ರಲ್ಲಿ ಅದನ್ನು ರಾಷ್ಟ್ರೀಯ ಸಮೈಕ್ಯತಾ ದಿನವಾಗಿ ಆಚರಿಸಿದರೆ, ಕೇಂದ್ರ ಸರ್ಕಾರ ಅದೇ ವರ್ಷ ಹೈದರಾಬಾದ್ ವಿಮೋಚನಾ ದಿನವೆಂದು ಆಚರಿಸಿತು. 2024ರಲ್ಲಿ ತೆಲಂಗಾಣದ ಹೊಸ ಸರ್ಕಾರ ಪ್ರಜಾಪಾಲನಾ ದಿನವೆಂದು ಕರೆಯಿತು. ಕರ್ನಾಟಕದಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿದ್ದುದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನವಾಗಿದೆ. ವಿಮೋಚನೆ ಎಂಬ ಪದ ಕಳೆದುಕೊಂಡದ್ದು, ಕಲ್ಯಾಣ ಎಂಬ ಪದದಿಂದ ಹನ್ನೆರಡನೆಯ ಶತಮಾನದ ಶರಣರ ನೆನಪು ಬಂದು ಕೂಡಿಕೊಂಡದ್ದು ಎರಡೂ ಒಂದೇ ಬದಲಾವಣೆಯಲ್ಲಿ ನಡೆದವು. ಪಟ್ಟಿಯಲ್ಲಿ ದಿನಾಂಕ ಕದಲದೆ ಇದ್ದರೂ ಅದರ ಅರ್ಥ ಕದಲಿದೆ.

ಇನ್ನೊಂದು ಪ್ರಶ್ನೆ ಈ ದಿನದ ಆಚೆಗಿದೆ. ಕಾರ್ಯಾಚರಣೆಯ ಸಂದರ್ಭದಲ್ಲಿ ಹಾಗೂ ಅನಂತರ ನಡೆದ ಹಿಂಸೆಯನ್ನು ವಿಚಾರಿಸಲು ಭಾರತ ಸರ್ಕಾರ ಪಂಡಿತ ಸುಂದರಲಾಲ್ ಅವರ ನೇತೃತ್ವದಲ್ಲಿ ಕಳುಹಿಸಿದ ಸಮಿತಿ 1948ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಸಂಚರಿಸಿತು. ಒಟ್ಟು 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿದ ಆ ಸಮಿತಿ, ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಮತ್ತು ಬೀದರಗಳನ್ನು ಹೆಸರಿಸಿದೆ. ಉಳಿದೆರಡು ಉಸ್ಮಾನಾಬಾದ ಮತ್ತು ನಾಂದೇಡ. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಗೋರ್ಟಾದ ಸಾವುಗಳನ್ನು ನೆನೆಯುವ ಚರಿತ್ರೆ ಈ ಸಾವುಗಳನ್ನೂ ನೆನೆಯಬೇಕಾಗುತ್ತದೆ. ಒಂದನ್ನು ಬರೆದು ಇನ್ನೊಂದನ್ನು ಬಿಡುವುದು ಸಂಶೋಧನೆಯ ನ್ಯಾಯವಲ್ಲ. ವಾರಗಟ್ಟಲೆ, ಊರೂರಲ್ಲಿ ಚದುರಿ ನಡೆದ ಹಿಂಸೆಗೆ ಒಂದು ದಿನಾಂಕವಿರುವುದಿಲ್ಲ. ದಿನಾಂಕವಿಲ್ಲದ್ದು ದಿನವಿಶೇಷವಾಗುವುದಿಲ್ಲ. ಪಟ್ಟಿಯ ಸ್ವರೂಪವೇ ಮರೆವಿಗೆ ಕಾರಣವಾಗುವ ಬಗೆ ಇದು.

5. ನವೆಂಬರ್ 1 ಮತ್ತು ಸಮ್ಮೇಳನದ ವರ್ಷಗಳು

1956ರ ನವೆಂಬರ್ 1ರಂದು ಗುಲ್ಬರ್ಗಾ, ಬೀದರ, ರಾಯಚೂರು ಜಿಲ್ಲೆಗಳ ಕನ್ನಡ ಭಾಗಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. 1973ರ ಅದೇ ದಿನ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 2014ರ ಅದೇ ದಿನ ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಇಲ್ಲಿ ದಿನಗಳ ಹೊಂದಾಣಿಕೆ ಆಕಸ್ಮಿಕವಲ್ಲ. ಪ್ರಭುತ್ವ ಒಮ್ಮೆ ಆಯ್ದ ದಿನಕ್ಕೆ ಮುಂದಿನ ನಿರ್ಧಾರಗಳನ್ನು ಉದ್ದೇಶಪೂರ್ವಕವಾಗಿ ಕಟ್ಟುತ್ತದೆ. ಬಂದೇನವಾಜರ ನವೆಂಬರ್ 1ಕ್ಕೂ ಈ ನವೆಂಬರ್ 1ಗಳಿಗೂ ಇರುವ ವ್ಯತ್ಯಾಸ ಇದೇ. ಇದೇ ಪ್ರದೇಶದ ಬದುಕನ್ನು ಹೆಚ್ಚು ನೇರವಾಗಿ ತಟ್ಟಿದ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ ದಿನ 2013ರ ಅಕ್ಟೋಬರ್ 1. ಉದ್ಯೋಗ ಮತ್ತು ಶಿಕ್ಷಣದ ಮೀಸಲಾತಿಯ ಮೂಲಕ ಒಂದು ತಲೆಮಾರಿನ ವಿದ್ಯಾರ್ಥಿಗಳ ದಾರಿಯನ್ನು ಬದಲಿಸಿದರೂ ಆ ದಿನಾಂಕ ಜನರ ನೆನಪಿನಲ್ಲಿ ಅಷ್ಟಾಗಿ ನಿಂತಿಲ್ಲ.

ವಾರ್ಷಿಕ ಆಚರಣೆಯಾಗಿ ಮರಳದ, ಆದರೆ ಕನ್ನಡ ಅಧ್ಯಯನಕ್ಕೆ ಮುಖ್ಯವಾದ ಸಂದರ್ಭಗಳೂ ಇವೆ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಾಲ್ಕು ಬಾರಿ ನಡೆದಿದೆ: 1928ರಲ್ಲಿ ಬಿ. ಎಂ. ಶ್ರೀಕಂಠಯ್ಯ, 1949ರಲ್ಲಿ ಉತ್ತಂಗಿ ಚನ್ನಪ್ಪ, 1987ರಲ್ಲಿ ಸಿದ್ಧಯ್ಯ ಪುರಾಣಿಕ, 2020ರಲ್ಲಿ ಎಚ್. ಎಸ್. ವೆಂಕಟೇಶಮೂರ್ತಿ ಅವರ ಅಧ್ಯಕ್ಷತೆಯಲ್ಲಿ. ಮೊದಲನೆಯದು ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮ್ ಸಂಸ್ಥಾನದಲ್ಲಿ, ಎರಡನೆಯದು ವಿಲೀನದ ಮರುವರ್ಷ, ಮೂರನೆಯದು ಏಕೀಕೃತ ಕರ್ನಾಟಕದಲ್ಲಿ, ನಾಲ್ಕನೆಯದು ಪ್ರದೇಶ ‘ಕಲ್ಯಾಣ’ವಾದ ಕೆಲವೇ ತಿಂಗಳ ಅನಂತರ ನಡೆಯಿತು. ಒಂದೇ ಊರಿನ ಈ ನಾಲ್ಕು ಸಮ್ಮೇಳನಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಈ ಭಾಗದಲ್ಲಿ ಕನ್ನಡದ ರಾಜಕೀಯ ಸ್ಥಾನ ಬದಲಾದ ಕ್ರಮ ಗೋಚರಿಸುತ್ತದೆ. ಕೊನೆಯ ಸಮ್ಮೇಳನ ಮುಗಿದದ್ದು 2020ರ ಫೆಬ್ರವರಿ 7ರಂದು. ದೇಶದಲ್ಲಿ ಕೋವಿಡ್‌ನ ಮೊದಲ ಸಾವೆಂದು ದೃಢಪಟ್ಟ ಕಲಬುರಗಿಯ ವೃದ್ಧರೊಬ್ಬರ ನಿಧನ ಸಂಭವಿಸಿದ್ದು ಮಾರ್ಚ್ 10ರಂದು, ಶರಣಬಸವೇಶ್ವರರ ಜಾತ್ರೆಯ ವಾರದಲ್ಲಿಯೇ.

ಹಾಗೆಯೇ 1924ರ ಆಗಸ್ಟ್ ತಿಂಗಳ ಕೋಮುಗಲಭೆ. ದೇವಾಲಯಗಳಿಗೆ ಹಾನಿಯಾದ ಆ ಘಟನೆಯನ್ನು ಕುರಿತು ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ನೋವಿನಿಂದ ಬರೆದರು. ಆ ವರ್ಷ ಶ್ರಾವಣ ಮಾಸವೂ ಮೊಹರಂ ಮಾಸವೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಆರಂಭವಾಗಿ ಜೊತೆಜೊತೆಗೆ ನಡೆದವು ಎಂಬುದು ಪಂಚಾಂಗ ಮತ್ತು ಹಿಜರಿ ಕೋಷ್ಟಕಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ತಿಳಿಯುತ್ತದೆ. ಇದರಿಂದ ಗಲಭೆಯ ಕಾರಣವನ್ನು ಹೇಳಿದಂತಾಗುವುದಿಲ್ಲ. ಎರಡು ಸಮುದಾಯಗಳ ಉತ್ಸವಕಾಲಗಳು ಒಂದೇ ಬೀದಿಯಲ್ಲಿ ಕೂಡಿದ ಇತರ ವರ್ಷಗಳು ಶಾಂತವಾಗಿದ್ದರೆ ಏಕೆ ಹಾಗಿದ್ದವು ಎಂಬ ಪ್ರಶ್ನೆಯನ್ನು ಕೇಳಲು ಮಾತ್ರ ಇದು ದಾರಿಮಾಡುತ್ತದೆ. ಬರಿಯ ‘ಆಗಸ್ಟ್ 1924’ ಎಂಬ ನಮೂದಿನಿಂದ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

6. ವಿಧಾನದ ಕುರಿತು ಕೆಲವು ಸೂಚನೆಗಳು

ಮೇಲಿನ ಚರ್ಚೆಯಿಂದ ನಗರದ ವರ್ಷಚಕ್ರವನ್ನು ದಾಖಲಿಸುವವರು ಅನುಸರಿಸಬಹುದಾದ ಕೆಲವು ಅಂಶಗಳನ್ನು ಹೀಗೆ ಸೂಚಿಸಬಹುದು.

ಒಂದು, ಆಕರದಲ್ಲಿರುವ ಕಾಲನಿರ್ದೇಶವನ್ನು ಮೊದಲು ಯಥಾವತ್ತಾಗಿ ಕೊಟ್ಟು, ಪರಿವರ್ತಿತ ದಿನಾಂಕವನ್ನು ಅನಂತರ ಕೊಡಬೇಕು. 1582ಕ್ಕೆ ಹಿಂದಿನದಾದರೆ ಜೂಲಿಯನ್ ಎಂದು ಹೇಳಬೇಕು. ಎರಡು, ಘಟನೆ ನಡೆದ ದಿನವನ್ನೂ ಅದನ್ನು ಸ್ಮರಿಸುವ ದಿನವನ್ನೂ ಬೇರೆ ಬೇರೆಯಾಗಿ ನಮೂದಿಸಬೇಕು. ಮೂರು, ಘಟನೆ ನಡೆದ ಸ್ಥಳ ನಗರವೇ ಅಥವಾ ನಗರದ ಮೇಲೆ ಪರಿಣಾಮ ಬೀರಿದ ಬೇರೆ ಸ್ಥಳವೇ ಎಂಬುದನ್ನು ತಿಳಿಸಬೇಕು. ನಾಲ್ಕು, ದಿನದ ಹೆಸರು ಬದಲಾಗಿದ್ದರೆ ಆ ಹೆಸರುಗಳನ್ನೆಲ್ಲ ವರ್ಷಗಳೊಂದಿಗೆ ಕೊಡಬೇಕು. ಐದು, ನಿಶ್ಚಿತ ದಿನವಿಲ್ಲದ ಸಂಗತಿಗಳಿಗೆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿರಬೇಕು. ಕಾಗಿಣಾ ತೀರದ ಮಳಖೇಡದ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ಕ್ಕೂ ರಚನೆಯ ದಿನವಿಲ್ಲ, ಒಂಬತ್ತನೆಯ ಶತಮಾನವೆಂದಷ್ಟೇ ಹೇಳುತ್ತೇವೆ. ಆ ಕಾರಣಕ್ಕೆ ಅದನ್ನು ಈ ನೆಲದ ಚರಿತ್ರೆಯಿಂದ ಯಾರೂ ಬಿಡುವುದಿಲ್ಲ. 1948ರ ಹೆಸರಿಲ್ಲದ ಸಾವುಗಳಿಗೂ, ಎಳ್ಳ ಅಮಾವಾಸ್ಯೆಗೂ ಅದೇ ನ್ಯಾಯ ಸಲ್ಲಬೇಕು.

ಈ ಕೆಲಸಕ್ಕೆ ಹಳಗನ್ನಡ ಶಾಸನಗಳ ಜೊತೆಗೆ ಪಾರಸಿ, ಉರ್ದು ದಾಖಲೆಗಳ ಪರಿಚಯವೂ ಅಗತ್ಯ. ಕಲ್ಯಾಣ ಕರ್ನಾಟಕದ ಕನ್ನಡ ವಿಭಾಗಗಳಲ್ಲಿ ಶಾಸನಶಾಸ್ತ್ರವನ್ನು ಬೋಧಿಸುವಾಗ ಶಕ, ಚಾಳುಕ್ಯವಿಕ್ರಮ ವರ್ಷಗಳೊಂದಿಗೆ ಹಿಜರಿ ಮತ್ತು ಫಸಲಿ ಗಣನೆಗಳ ಪರಿವರ್ತನೆಯನ್ನೂ ಅಭ್ಯಾಸ ಮಾಡಿಸಿದರೆ, ತಮ್ಮ ತಾಲ್ಲೂಕಿನ ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಮೂಲ ದಾಖಲೆಗಳಿಂದ ಬರೆಯಬಲ್ಲ ವಿದ್ಯಾರ್ಥಿಗಳು ಸಿದ್ಧರಾಗುತ್ತಾರೆ. ಹಳೆಯ ಫಸಲಿ ಕಾಗದಗಳನ್ನು ಓದಬಲ್ಲ ಹಿರಿಯರು ವಿರಳವಾಗುತ್ತಿರುವ ಈ ಹೊತ್ತಿನಲ್ಲಿ ಅದನ್ನು ಮುಂದೂಡುವಂತಿಲ್ಲ.